ಟ್ರಂಕಿನಿಂದ ಬಂದ ಮೂರು ಸ್ಲಿಪ್: ಮೊದಲು ಕಬ್ಬಿಣ, ಆಮೇಲೆ ಬಿಳುಪು

ಕಾಸರಗೋಡಿನ ಬದಿಯಡ್ಕ ಕಡೆಯ ಮನೆಯೊಂದರ ಅಟ್ಟದಲ್ಲಿದ್ದ ತಗಡಿನ ಟ್ರಂಕಿನಿಂದ ಹೊರಬಂದ ಮೂರು ಒಳಉಡುಪುಗಳನ್ನು ಮತ್ತೆ ತೊಡುವ ಹಾಗೆ ಮಾಡಿದ ಕೆಲಸದ ವಿವರ ಇದು. ಒಂದನೆಯದು ಬಿಳಿ ನೈಲಾನಿನ ಉದ್ದ ಸ್ಲಿಪ್, ಎದೆಗೂ ಕೆಳ ಅಂಚಿಗೂ ಲೇಸು ಇರುವಂಥದು. ಎರಡನೆಯದು ಪೀಚ್ ಬಣ್ಣದ ರೇಯಾನ್ ಸ್ಯಾಟಿನ್, ಕ್ರಾಸ್ ಕಟಿಂಗಿನದು. ಮೂರನೆಯದು ದರ್ಜಿ ಹೊಲಿದ ಮಲ್, ಅಂದರೆ ತೆಳು ಹತ್ತಿ ಬಟ್ಟೆಯ ಶಿಮೀಸ್. ನಮ್ಮಲ್ಲಿ ಭುಜದಿಂದ ಇಳಿಯುವುದಕ್ಕೆ ಶಿಮೀಸ್, ಸೊಂಟದಿಂದ ಇಳಿಯುವುದಕ್ಕೆ ಒಳಲಂಗ ಅನ್ನುತ್ತೇವೆ. ಅಂಗಡಿಯ ಮಾತಿನಲ್ಲಿ ಅವೇ ಫುಲ್ ಸ್ಲಿಪ್, ಹಾಫ್ ಸ್ಲಿಪ್. ಕೆಲಸದ ಹೆಚ್ಚಿನ ಪಾಲು ನೈಲಾನಿನದಕ್ಕೆ ಹೋಯಿತು, ಹಾಗಾಗಿ ಬರಹದ್ದೂ.

ನೈಲಾನ್ ಸ್ಲಿಪ್ಪಿನ ಸ್ಥಿತಿ ಹೀಗಿತ್ತು. ನೆಲದ ಮೇಲೆ ಹಾಸಿ ಅಳೆದಾಗ ಕಂಕುಳಿಂದ ಕಂಕುಳಿಗೆ 17½ ಇಂಚು, ಸೊಂಟದಲ್ಲಿ 15, ಅಂಡಿನಲ್ಲಿ 20. ಬಟ್ಟೆಯ ಮಡಿಕೆಗಳ ಉದ್ದಕ್ಕೂ ನಿಂಬೆ ಹಳದಿ. ಭುಜದ ಪಟ್ಟಿಯ ಲೋಹದ ಅಡ್ಜಸ್ಟರುಗಳು ತುಕ್ಕು ಹಿಡಿದು, ಮಡಿಸಿಟ್ಟಾಗ ಅವು ತಾಗಿದ್ದಲ್ಲೆಲ್ಲ ಕಂದು ಚುಕ್ಕೆ: ದೊಡ್ಡವು ಮೂರು, ಸಣ್ಣವು ಏಳೆಂಟು. ಸೊಂಟದ ಹತ್ತಿರ ಅಂಗೈ ಅಗಲದ ತೆಂಗಿನೆಣ್ಣೆಯ ಕಲೆ. ಕೆಳ ಅಂಚಿನ ಬಳಿ ಅಡಕೆಯ ಕರೆ, ಹುಣಸೆಬೀಜದಷ್ಟು, ಬಹುತೇಕ ಕಪ್ಪು. ಎದೆಯ ಲೇಸಿನಲ್ಲಿ 3.5 ಸೆಂ.ಮೀ. ಹರಿದಿತ್ತು. ಎಡಗಡೆ ಪಕ್ಕದ ಹೊಲಿಗೆ 6 ಸೆಂ.ಮೀ. ಬಿಚ್ಚಿತ್ತು.

ಹಳೆಯ ಬಟ್ಟೆ ಕಂಡ ಕೂಡಲೇ ಬಾಲ್ದಿಗೆ ಹಾಕುವವರಿಂದ ಹಾಳಾದಷ್ಟು ಸ್ಲಿಪ್ಪುಗಳು ನುಸಿಯಿಂದ ಹಾಳಾಗಿಲ್ಲ. ಬಟ್ಟೆಯ ಕಾಲ ತಿಳಿದರೆ ನೂಲು ಯಾವುದೆಂದು ಊಹಿಸಬಹುದು, ನೂಲು ತಿಳಿದರೆ ಯಾವ ನೀರಿಗೆ ಹಾಕಬಹುದೆಂದು ಗೊತ್ತಾಗುತ್ತದೆ. ಆದ್ದರಿಂದ ಮೊದಲ ದಿನ ನೀರಿನ ಕೆಲಸವೇ ಇಲ್ಲ.

ಕಾಲ ಹಿಡಿಯುವುದು

ನೈಲಾನ್ ಸ್ಲಿಪ್ಪಿನ ಒಳಗೆ ಅಮೆರಿಕದ ಲೇಬಲ್ ಪಟ್ಟಿ ಇತ್ತು. 'ನೈಲಾನ್, ಅಲಂಕಾರವನ್ನು ಬಿಟ್ಟು' ಎಂಬರ್ಥದ ಮಾತು, 36 ಎಂಬ ಅಳತೆ, ಆರ್‌ಎನ್ ಎಂಬ ಅಕ್ಷರಗಳು ಮತ್ತು ಐದು ಅಂಕಿಯ ಸಂಖ್ಯೆ. ಒಗೆಯುವ ಸೂಚನೆ ಇಲ್ಲ. ಕಾಲ ಹೇಳಲು ಇಷ್ಟು ಸಾಕು. ಆರ್‌ಎನ್ ಎಂಬುದು ಕಂಪನಿಗಳಿಗೆ ಅಲ್ಲಿನ ಸರಕಾರ ಕೊಡುವ ನೋಂದಣಿ ಸಂಖ್ಯೆ. 1952ರಿಂದ 1959ರ ವರೆಗೆ ಕೊಟ್ಟವು 00101ರಿಂದ 04086ರ ಒಳಗೆ ಇವೆ. 1959ರ ನಂತರದ ಸರಣಿ 13670ರಿಂದ ಶುರುವಾಗುತ್ತದೆ. ಆರ್‌ಎನ್ ಬದಲು ಡಬ್ಲ್ಯುಪಿಎಲ್ (ಅಲ್ಲಿನ ಉಣ್ಣೆ ಬಟ್ಟೆಯ ಕಾಯ್ದೆಯ ನೋಂದಣಿ) ಇದ್ದರೆ ಆ ಸಂಖ್ಯೆ 1941 ಮತ್ತು 1959ರ ನಡುವೆ ಕೊಟ್ಟದ್ದು. ಸಂಖ್ಯೆ ಹೇಳುವುದು ಕಂಪನಿ ನೋಂದಣಿಯಾದ ಕಾಲವನ್ನು, ಬಟ್ಟೆ ಹೊಲಿದ ಕಾಲವನ್ನಲ್ಲ. 1950ರ ದಶಕದ ಸಂಖ್ಯೆಯನ್ನು ಕಂಪನಿ 1980ರಲ್ಲೂ ಅಚ್ಚು ಹಾಕಿರಬಹುದು. 'ಇದಕ್ಕಿಂತ ಮೊದಲಿನದಲ್ಲ' ಎನ್ನುವುದಕ್ಕೆ ಮಾತ್ರ ಅದು ಆಧಾರ. ಮಾರುವವರು ಇದನ್ನು ತಿರುವುಮುರುವು ಹೇಳಿ ಹೆಚ್ಚು ಬೆಲೆ ಕೇಳುವುದು ಬಹಳ ಕಡೆ ಕಾಣುತ್ತದೆ.

ಎರಡನೆಯ ಗುರುತು, ನೂಲಿನ ಹೆಸರನ್ನು ಪಟ್ಟಿಯಲ್ಲಿ ಬರೆಯಲೇಬೇಕೆಂಬ ಅಮೆರಿಕದ ಕಾಯ್ದೆ. ಅದು ಜಾರಿಗೆ ಬಂದದ್ದು 1960ರ ಮಾರ್ಚಿನಲ್ಲಿ. 'ಅಲಂಕಾರವನ್ನು ಬಿಟ್ಟು' ಎಂಬ ಮಾತು ಆ ಕಾಯ್ದೆಯ ನಂತರದ ಪಟ್ಟಿಗಳಲ್ಲಿ ಸಾಮಾನ್ಯ. ಮೂರನೆಯದು, ಒಗೆಯುವ ಸೂಚನೆ ಇರಲೇಬೇಕೆಂಬ ನಿಯಮ, 1972ರ ಜುಲೈಯಿಂದ. ನಮ್ಮ ಸ್ಲಿಪ್ಪಿನಲ್ಲಿ ಎರಡನೆಯದು ಇದೆ, ಮೂರನೆಯದು ಇಲ್ಲ. ಅಲ್ಲಿಗೆ 1960 ಮತ್ತು 1972ರ ನಡುವಿನದು.

ಪಟ್ಟಿ ಕಿತ್ತುಹೋಗಿದ್ದರೆ ಲೇಸನ್ನೂ ಹೊಲಿಗೆಯನ್ನೂ ಓದಬೇಕು. 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ಲೇಸಿನ ಹಿಂಬದಿ ನೋಡಿ. ಎಳೆಗಳು ಒಂದಕ್ಕೊಂದು ಹೊಸೆದುಕೊಂಡು, ಕೈಲೇಸಿನ ಹಾಗೆ ಕಂಡರೆ ಲೀವರ್ಸ್ ಯಂತ್ರದ್ದು. ಸರಪಳಿ ಹೊಲಿಗೆಯ ಹಾಗೆ ಕುಣಿಕೆಗಳ ಸಾಲುಗಳು ನೇರ ಕಂಬಗಳಾಗಿ ನಿಂತಿದ್ದರೆ ರಾಶೆಲ್ ಯಂತ್ರದ್ದು. ರಾಶೆಲ್ ಲೇಸು ಒಳಉಡುಪಿಗೆ ಹೆಚ್ಚಾಗಿ ಬಂದದ್ದು 1950ರ ದಶಕದಿಂದ ಈಚೆಗೆ. ನಮ್ಮದು ರಾಶೆಲ್. ಲೇಸು ರಬ್ಬರಿನ ಹಾಗೆ ಎಳೆದು ಹಿಂದೆ ಹೋಗುತ್ತಿದ್ದರೆ ಅದರಲ್ಲಿ ಸ್ಪ್ಯಾಂಡೆಕ್ಸ್ ಇದೆ ಎಂದರ್ಥ. ಆ ನೂಲನ್ನು ಡುಪಾಂಟ್ ಕಂಪನಿಯಲ್ಲಿ ಕಂಡುಹಿಡಿದದ್ದೇ 1958ರಲ್ಲಿ, ಅಂಥ ಲೇಸಿರುವ ಸ್ಲಿಪ್ 1960ಕ್ಕಿಂತ ಹಳೆಯದೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನೈಲಾನಿನದೂ ಹಾಗೆಯೇ. ಅದು ಜನರಿಗೆ ತಿಳಿದದ್ದು 1938ರಲ್ಲಿ, ಕಾಲುಚೀಲವಾಗಿ ಅಂಗಡಿಗೆ ಬಂದದ್ದು 1940ರಲ್ಲಿ. ಯುದ್ಧ ಮುಗಿಯುವ ತನಕ ಆ ನೂಲು ಪ್ಯಾರಾಶೂಟಿಗೆ ಹೋಯಿತು. '1930ರ ನೈಲಾನ್ ಸ್ಲಿಪ್' ಎಂಬುದು ಇಲ್ಲವೇ ಇಲ್ಲ.

ಪೀಚ್ ಬಣ್ಣದ ರೇಯಾನಿನಲ್ಲಿ ಪಟ್ಟಿಯ ಬದಲು ಬ್ರಿಟನ್ನಿನ ಸಿಸಿ41 ಮುದ್ರೆ ಇತ್ತು: ಎರಡು ಸಿ ಅಕ್ಷರ, ಪಕ್ಕದಲ್ಲಿ 41. ಸಿ ಅಕ್ಷರಗಳು ತುಂಡು ಕತ್ತರಿಸಿದ ಉರುಟು ಹಣ್ಣಿನ ಹಾಗೆ ಕಾಣುತ್ತವೆ. ಯುದ್ಧಕಾಲದ ಮಿತವ್ಯಯದ ಉಡುಪಿನ ಗುರುತು ಅದು, 1941ರಿಂದ 1952ರ ವರೆಗೆ ಮಾತ್ರ ಬಳಕೆಯಲ್ಲಿತ್ತು. ಇಷ್ಟು ಚೊಕ್ಕವಾಗಿ ಕಾಲ ಹೇಳುವ ಮುದ್ರೆ ಬೇರೊಂದಿಲ್ಲ. ಸಿಕ್ಕಿದರೆ ಅದರ ಮೇಲೆ ಇಸ್ತ್ರಿ ಆಡಿಸಬೇಡಿ, ಉಜ್ಜಬೇಡಿ.

ಊರಿನ ಉಡುಪಿಗೆ ಊರಿನ ಇತಿಹಾಸವೇ ಕ್ಯಾಲೆಂಡರು. ಮಲ್ ಶಿಮೀಸಿನ ಜತೆ ಬಟ್ಟೆ ಅಂಗಡಿಯ ರಟ್ಟಿನ ಪೆಟ್ಟಿಗೆ ಇತ್ತು, ಅದರ ಮೇಲೆ ವಿಳಾಸ. ಕಾಸರಗೋಡಿನ ವಿಳಾಸದಲ್ಲಿ 'ಸೌತ್ ಕೆನರಾ' ಎಂದಿದ್ದರೆ 1956ರ ನವೆಂಬರ್ 1ಕ್ಕಿಂತ ಮೊದಲಿನ ಅಚ್ಚು, ಅಥವಾ ಹಳೆಯ ದಾಸ್ತಾನು ಮುಗಿಸಿದ್ದು. 'ಕ್ಯಾನನೂರ್ (ಈಗಿನ ಕಣ್ಣೂರು) ಜಿಲ್ಲೆ' ಎಂದಿದ್ದರೆ 1957ರಿಂದ 1984ರ ಮೇ ತನಕ. 'ಕಾಸರಗೋಡು ಜಿಲ್ಲೆ' ಎಂದಿದ್ದರೆ 1984ರ ಮೇ 24ರ ನಂತರದ್ದು. 671ರಿಂದ ಶುರುವಾಗುವ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚೆ. ಬೆಲೆ ಚೀಟಿಯಲ್ಲಿ ಆಣೆ ಇದ್ದರೆ 1957ರ ಏಪ್ರಿಲಿಗಿಂತ ಮೊದಲು, 'ನಯಾ ಪೈಸೆ' ಇದ್ದರೆ 1957 ಮತ್ತು 1964ರ ನಡುವೆ. ಮದರಾಸಿನ ಗಿರಣಿಯ ಮುದ್ರೆಯಲ್ಲಿ 'ತಮಿಳುನಾಡು' ಇದ್ದರೆ 1969ರ ಜನವರಿಯ ನಂತರ. ನಮ್ಮ ಪೆಟ್ಟಿಗೆಯಲ್ಲಿ ಕ್ಯಾನನೂರ್ ಜಿಲ್ಲೆ ಇತ್ತು, ಪಿನ್ ಕೋಡ್ ಇರಲಿಲ್ಲ. ಬಟ್ಟೆಯನ್ನು ಬಿಟ್ಟು ಪೆಟ್ಟಿಗೆಯನ್ನು ಒಲೆಗೆ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ನೂಲಿನ ಪರೀಕ್ಷೆ

ಪಟ್ಟಿ ಬಟ್ಟೆಯ ನೂಲನ್ನು ಹೇಳಿದರೂ ರಿಬ್ಬನ್ನಿನದು, ಲೇಸಿನದು, ಹೊಲಿಗೆ ನೂಲಿನದು ಹೇಳುವುದಿಲ್ಲ. ಒಳಹೊಲಿಗೆಯ ಮಿಗುತೆ ಬಟ್ಟೆಯಿಂದ 1 ಸೆಂ.ಮೀ. ಎಳೆ ತೆಗೆದು, ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಮೇಣದಬತ್ತಿಗೆ ಹಿಡಿಯಬೇಕು. ನೈಲಾನ್ ಉರಿಗೆ ಹೆದರಿ ಮುದುಡಿ ಕರಗುತ್ತದೆ, ತಣಿದ ಮೇಲೆ ಬೂದು ಬಣ್ಣದ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ಕಪ್ಪು ಹೊಗೆ ಬಿಟ್ಟು ಕಪ್ಪು ಮಣಿಯಾಗುತ್ತದೆ. ರೇಯಾನ್, ಹತ್ತಿ ಎರಡೂ ಕಾಗದದ ವಾಸನೆ, ಮೆತ್ತನೆಯ ಬೂದಿ. ರೇಷ್ಮೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಹುಡಿಯಾಗುವ ಮಣಿ. ಅಸಿಟೇಟ್ ಕರಗುತ್ತಾ ಉರಿದು ವಿನೆಗರಿನ ವಾಸನೆ ಕೊಡುತ್ತದೆ. ಅಸಿಟೇಟೆಂದು ಅನುಮಾನ ಬಂದರೆ ಇನ್ನೊಂದು ಎಳೆಯ ಮೇಲೆ ಅಸಿಟೋನಿನ ಒಂದು ಹನಿ ಬಿಡಿ. ಎಳೆ ಲೋಳೆಯಾದರೆ ಅಸಿಟೇಟೇ.

ಫಲಿತಾಂಶ: ಸ್ಲಿಪ್ಪಿನ ಬಟ್ಟೆ, ಲೇಸು ನೈಲಾನ್. ಭುಜದ ರಿಬ್ಬನ್ ಅಸಿಟೇಟ್. ಪರೀಕ್ಷೆ ಮಾಡದೆ ಇಡೀ ಸ್ಲಿಪ್ಪನ್ನು ಕ್ಷಾರದ ನೀರಿಗೆ ಹಾಕಿದ್ದರೆ ರಿಬ್ಬನ್ ಹಾಳಾಗುತ್ತಿತ್ತು. ರಿಬ್ಬನ್, ಅಡ್ಜಸ್ಟರ್ ಎರಡನ್ನೂ ಬಿಚ್ಚಿ ಬೇರೆ ಇಟ್ಟೆವು. ಬಿಚ್ಚುವ ಮೊದಲು ಎಲ್ಲಿ, ಎಷ್ಟು ಉದ್ದ, ಯಾವ ಬದಿ ಹೊರಗೆ ಎಂದು ಕಾಗದದಲ್ಲಿ ಗೀಚಿಕೊಳ್ಳಿ. ಫೋಟೋ ಸಾಲುವುದಿಲ್ಲ, ಅಳತೆ ಬೇಕು.

ನೀರು

ನಮ್ಮಲ್ಲಿ ಈ ಕೆಲಸ ಬೇರೆ ಊರಿನ ಪುಸ್ತಕದ ಪ್ರಕಾರ ನಡೆಯದಿರಲು ಕಾರಣ ನೀರು. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದ ಬಾವಿ, ನೀರಿಗಾಗಿ ಗುಡ್ಡ ಕೊರೆದ ಸುರಂಗಗಳ ನೀರು ಮೆದು, ಸ್ವಲ್ಪ ಹುಳಿ. ಸಾಬೂನು ಚೆನ್ನಾಗಿ ನೊರೆ ಬರುತ್ತದೆ. ಆದರೆ ಕೆಲವು ಬಾವಿಗಳಲ್ಲಿ ಕಬ್ಬಿಣ ಕರಗಿರುತ್ತದೆ. ಸೇದಿದಾಗ ತಿಳಿಯಾಗಿ ಕಾಣುವ ನೀರು ಬಾಲ್ದಿಯಲ್ಲಿ ರಾತ್ರಿ ಕಳೆದರೆ ಕೆಂಪು ಕೆನೆ ಕಟ್ಟುತ್ತದೆ. ಪರೀಕ್ಷೆ ಸುಲಭ: ಅರ್ಧ ಲೋಟ ಬಾವಿ ನೀರಿಗೆ ಎರಡು ಚಮಚ ಗಟ್ಟಿ ಕಪ್ಪು ಚಹಾ ಹಾಕಿ. ಬಣ್ಣ ಕಪ್ಪು ನೇರಳೆಗೆ ತಿರುಗಿದರೆ ಕಬ್ಬಿಣ ಇದೆ. ಚಹಾದ ಒಗರು ಮತ್ತು ಕಬ್ಬಿಣ ಸೇರಿ ಆಗುವುದು ಶಾಯಿ. ಹಳೆಯ ಕಾಲದ ಬರವಣಿಗೆಯ ಶಾಯಿ ಮಾಡುತ್ತಿದ್ದದ್ದೂ ಹೀಗೆಯೇ. ಅಡಕೆಯ ಕರೆಯೂ ಇದೇ ಒಗರು. ಕಂದು ಬಣ್ಣದ ಕರೆ ಕಬ್ಬಿಣದ ನೀರಿನಲ್ಲಿ ಒಗೆದಾಗ ಕಪ್ಪಾಗಿ ಕೂರುವುದು ಇದಕ್ಕೇ. ಸ್ಲಿಪ್ಪಿನ ಅಂಚಿನ ಕಪ್ಪು ಚುಕ್ಕೆ ಅಂಥದು.

ಬಿಳುಪು ಮಾಡುವ ಎಲ್ಲ ನೀರಿಗೂ, ಕೊನೆಯ ತೊಳೆತಕ್ಕೂ ಮಳೆನೀರು ಬಳಸಿ. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಸುರಿಯುವ ಊರಿನಲ್ಲಿ ಇದಕ್ಕೆ ಬರವಿಲ್ಲ. ಜಡಿಮಳೆ ಹಿಡಿದು ಎರಡು ದಿನ ಕಳೆದು ಮನೆಯ ಮಾಡು (ಛಾವಣಿ) ತೊಳೆದ ಮೇಲೆ, ಬಿಳಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಿಡಿಯಿರಿ. ತಗಡಿನ ಮಾಡಿನಿಂದ ಹಿಡಿಯಬೇಡಿ. ಈ ಮೂರು ಉಡುಪಿಗೆ ಒಟ್ಟು 70 ಲೀಟರ್ ಬೇಕಾಯಿತು.

ಎಣ್ಣೆ, ತುಕ್ಕು, ಬಿಳುಪು

ಈ ಮೂರರ ಕ್ರಮವನ್ನು ಹಿಂದುಮುಂದು ಮಾಡಬಾರದು. ಎಣ್ಣೆಯ ಪದರ ಇದ್ದಲ್ಲಿ ಹುಳಿ ಇಳಿಯುವುದಿಲ್ಲ. ಕಬ್ಬಿಣ ಇದ್ದಲ್ಲಿ ಆಮ್ಲಜನಕದ ಬಿಳುಪುಡಿ ಹಾಕಿದರೆ, ಆ ಚುಕ್ಕೆಯಲ್ಲಿ ಮಾತ್ರ ಅದು ರಭಸದಿಂದ ಒಡೆದು ನೂಲನ್ನು ತಿನ್ನುತ್ತದೆ. ಹತ್ತಿ, ರೇಯಾನುಗಳಲ್ಲಿ ತುಕ್ಕಿನ ಚುಕ್ಕೆ ಇದ್ದ ಜಾಗದಲ್ಲೇ ಸೂಜಿಮೊನೆಯಷ್ಟು ತೂತುಗಳು ಬೀಳುತ್ತವೆ. ಜನ ಅದನ್ನು ನುಸಿ ತಿಂದದ್ದು ಎಂದುಕೊಳ್ಳುತ್ತಾರೆ. ತಿಂದದ್ದು ಅವರ ಬಾಲ್ದಿಯ ನೀರು.

ಎರಡನೆಯ ದಿನ ಎಣ್ಣೆ. ನೈಲಾನಿಗೆ ಎಣ್ಣೆಯೆಂದರೆ ಪ್ರೀತಿ, ಬೇಗ ಹೀರಿಕೊಂಡು ನಿಧಾನ ಬಿಡುತ್ತದೆ. ಹಳೆಯ ಎಣ್ಣೆ ಗಾಳಿಗೆ ಗೋಂದಿನ ಹಾಗಾಗಿರುತ್ತದೆ. ಪಾತ್ರೆ ತೊಳೆಯುವ ದ್ರವ 5 ಮಿ.ಲೀ.ಯನ್ನು ಒಣ ಬಟ್ಟೆಯ ಮೇಲೆಯೇ ಬೆರಳಿನಿಂದ ಹಚ್ಚಿ, 30 ನಿಮಿಷ ಬಿಟ್ಟು, ಬೆಚ್ಚನೆಯ ನೀರಿನಲ್ಲಿ ಒತ್ತಿ ತೆಗೆಯಬೇಕು. ನೀರು ಬೆರಳಿಗೆ ಹಿತವಾಗಿರುವಷ್ಟು, 40 ಡಿಗ್ರಿ. ಎರಡು ಸಲಕ್ಕೆ ಮುಕ್ಕಾಲು ಪಾಲು ಹೋಯಿತು, ಮೂರನೆಯ ಸಲಕ್ಕೆ ಅಂಚಿನ ಗೆರೆಯೂ ಹೋಯಿತು. ಬಾರ್ ಸೋಪು ಬೇಡ. ಮುಂದೆ ಹುಳಿಯ ನೀರಿಗೆ ಹಾಕುವಾಗ ಸೋಪಿನ ಕೊಬ್ಬು ಬೇರ್ಪಟ್ಟು ಬಟ್ಟೆಗೆ ಮೆತ್ತಿಕೊಳ್ಳುತ್ತದೆ.

ಮೂರನೆಯ ದಿನ ತುಕ್ಕು. 1 ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ, 40 ಡಿಗ್ರಿ, ಪ್ಲಾಸ್ಟಿಕ್ ಟಬ್ಬು, 30 ನಿಮಿಷ. ತೆಗೆದು ತೊಳೆದು ನೋಡಿ, ಮತ್ತೆ ಹೊಸ ನೀರು. ಸಣ್ಣ ಚುಕ್ಕೆಗಳು ಮೊದಲ ಸಲಕ್ಕೇ ಹೋದವು, ದೊಡ್ಡವುಗಳಲ್ಲಿ ಎರಡು ಮೂರನೆಯ ಸಲಕ್ಕೆ. ಉಳಿದ ಒಂದಕ್ಕೆ ಆಕ್ಸಾಲಿಕ್ ಆಮ್ಲ: 1 ಲೀಟರಿಗೆ 10 ಗ್ರಾಂ, ಆ ಜಾಗವನ್ನು ಮಾತ್ರ 15 ನಿಮಿಷ ಅದ್ದಿ, ಐದು ನೀರಿನಲ್ಲಿ ತೊಳೆದದ್ದು. ಆಕ್ಸಾಲಿಕ್ ವಿಷ. ಕೈಗವಸು ಹಾಕಿ, ಮಕ್ಕಳು ಓಡಾಡುವ ಅಂಗಳದಲ್ಲಿ ಮಾಡಬೇಡಿ, ಅಡುಗೆ ಪಾತ್ರೆ ಮುಟ್ಟಬೇಡಿ. ಅಡಕೆಯ ಕಪ್ಪು ಚುಕ್ಕೆಯೂ ಈ ಎರಡು ಹುಳಿಯಲ್ಲಿ ಕಪ್ಪು ಬಿಟ್ಟು ತಿಳಿಗಂದಾಯಿತು. ಕಬ್ಬಿಣ ಹೋಯಿತು, ಒಗರು ಉಳಿಯಿತು.

ನಿಂಬೆರಸ ಮತ್ತು ಉಪ್ಪು ಹಚ್ಚಿ ಬಿಸಿಲಿಗಿಡುವ ಮನೆಮದ್ದು ದಪ್ಪ ಹತ್ತಿಗೆ ಸರಿ. ಸ್ಲಿಪ್ಪಿಗೆ ಬೇಡ. ರಸದ ಸಕ್ಕರೆ ಉಳಿದು ಕಂದಾಗುತ್ತದೆ, ಹುಳಿ ಒಣಗಿ ಗಟ್ಟಿಯಾದಂತೆ ಹತ್ತಿ, ರೇಯಾನಿನ ಎಳೆ ಸಡಿಲಾಗುತ್ತದೆ. ಕಕ್ಕಸು ತೊಳೆಯುವ ಆಸಿಡ್ ತುಕ್ಕನ್ನು ಕ್ಷಣದಲ್ಲಿ ತೆಗೆಯುತ್ತದೆ ನಿಜ, ನೈಲಾನನ್ನೂ ತೆಗೆಯುತ್ತದೆ.

ಇಲ್ಲೊಂದು ಸಂಗತಿ ಕಾಣಿಸಿತು. ಸಿಟ್ರಿಕ್ ನೀರಿನಲ್ಲಿದ್ದಾಗ ಮಡಿಕೆಯ ಉದ್ದದ ನಿಂಬೆ ಹಳದಿ ಬಹುತೇಕ ಮಾಯ. ಡಿಟರ್ಜೆಂಟಿನಲ್ಲಿ ತೊಳೆದ ಕೂಡಲೇ ಮರಳಿ ಬಂತು. ಇದು ಮುಪ್ಪಿನ ಹಳದಿಯಲ್ಲ, ಪ್ಲಾಸ್ಟಿಕ್ ಲಕೋಟೆಯ ಹಳದಿ. ಪಾಲಿಥಿನ್ ಕೆಡದಿರಲೆಂದು ಅದರಲ್ಲಿ ಬೆರೆಸುವ ಬಿಎಚ್‌ಟಿ ಎಂಬ ರಾಸಾಯನಿಕ ಮೆಲ್ಲನೆ ಬಟ್ಟೆಗೆ ಇಳಿದು, ಗಾಳಿಯಲ್ಲಿನ ಹೊಗೆಯ ಅನಿಲಗಳ ಜತೆ ಸೇರಿ ಹಳದಿ ಕಟ್ಟುತ್ತದೆ. ಕ್ಷಾರದಲ್ಲಿ ಬಣ್ಣ ತೋರುತ್ತದೆ, ಹುಳಿಯಲ್ಲಿ ಅಡಗುತ್ತದೆ, ಬಿಸಿಲಿಗೆ ಹೋಗುತ್ತದೆ. ಯಾವ ಹಳದಿ ಎಂದು ತಿಳಿಯಲು ಒಂದು ಹನಿ ವಿನೆಗರ್ ಸಾಕು. ಅಡಗಿದರೆ ಲಕೋಟೆಯದು, ಅಲುಗಾಡದಿದ್ದರೆ ಮುಪ್ಪಿನದು ಅಥವಾ ಕ್ಲೋರಿನ್ ಬ್ಲೀಚಿನದು. ನೈಲಾನಿಗೆ ಕ್ಲೋರಿನ್ ಬ್ಲೀಚ್ ಬಿಳುಪಲ್ಲ, ಹಳದಿಯ ಬೀಜ.

ನಾಲ್ಕನೆಯ ದಿನ ಬಿಳುಪು. ಸೋಡಿಯಂ ಪರ್‌ಕಾರ್ಬೊನೇಟ್ 15 ಗ್ರಾಂ, ಮಳೆನೀರು 4 ಲೀಟರ್, 40 ಡಿಗ್ರಿ. ಪುಡಿ ಪೂರ್ತಿ ಕರಗಿದ ಮೇಲೆ ಮಾತ್ರ ಬಟ್ಟೆ ಹಾಕಿ, 6 ಗಂಟೆ. ಬಟ್ಟೆ ನೀರಿನ ಮೇಲೆ ಉಬ್ಬಿ ನಿಲ್ಲುತ್ತದೆ, ಮೇಲೊಂದು ಪಿಂಗಾಣಿ ತಟ್ಟೆ ಕವುಚಿ ಮುಳುಗಿಸಿ. ನೀರು ಬಿಸಿಯಾದಷ್ಟು ಒಳ್ಳೆಯದೆಂದು ಕುದಿನೀರು ಹೊಯ್ಯಬೇಡಿ, ನೈಲಾನಿನಲ್ಲಿ ಬಿಸಿಗೆ ಬಿದ್ದ ಸುಕ್ಕು ಮತ್ತೆ ಏಳುವುದಿಲ್ಲ. ರೇಷ್ಮೆಗೂ ಅಸಿಟೇಟಿಗೂ ಈ ಪುಡಿ ಸಲ್ಲ, ಅದರ ಕ್ಷಾರ ಎರಡನ್ನೂ ಕೆಡಿಸುತ್ತದೆ. ಆಮೇಲೆ ನಾಲ್ಕು ಮಳೆನೀರು. ಕೊನೆಯದರಲ್ಲಿ 5 ಲೀಟರಿಗೆ 50 ಮಿ.ಲೀ. ವಿನೆಗರ್, ಕ್ಷಾರ ಉಳಿಯದಿರಲಿ ಎಂದು. ಬೆಳಗ್ಗಿನ ಬಿಸಿಲಿನಲ್ಲಿ ಒಂದು ಗಂಟೆ, ಮತ್ತೆ ನೆರಳು. ಬಿಸಿಲು ಲಕೋಟೆಯ ಹಳದಿಗೆ ಮದ್ದು, ನೈಲಾನಿನ ಎಳೆಗೆ ಶತ್ರು. ಅದಕ್ಕೆ ಒಂದೇ ಗಂಟೆ.

ನೀಲಿ ಹಾಕಬೇಡಿ. ಹತ್ತಿಯ ಪಂಚೆಯಲ್ಲಿ ಮುಂದಿನ ಒಗೆತಕ್ಕೆ ಹೋಗುವ ದ್ರವ ನೀಲಿ ನೈಲಾನಿಗೆ ಬಣ್ಣವಾಗಿ ಹಿಡಿಯುತ್ತದೆ, ಹುಳಿಯ ನೀರಿನ ಬೆನ್ನಿಗಂತೂ ಇನ್ನೂ ಗಟ್ಟಿ. ನೈಲಾನ್ ಬಾಲ್ದಿಯಲ್ಲಿರುವ ಬೇರೆ ಬಟ್ಟೆಯ ಬಣ್ಣವನ್ನೂ ಹೀಗೆಯೇ ಹೆಕ್ಕಿಕೊಳ್ಳುತ್ತದೆ. ಹಳೆಯ ಬಿಳಿ ಸ್ಲಿಪ್ಪುಗಳು ಬೂದು ಆಗುವುದು ಬಹುಪಾಲು ಇದರಿಂದ.

ಹೊಲಿಗೆ

ಈ ನೈಲಾನ್ ನೇಯ್ದದ್ದಲ್ಲ, ಹೆಣೆದದ್ದು. ಟ್ರೈಕಾಟ್ ಅನ್ನುತ್ತಾರೆ. ಕತ್ತರಿಸಿದರೆ ಎಳೆ ಬಿಚ್ಚುವುದಿಲ್ಲ, ಕಾಲುಚೀಲದ ಹಾಗೆ ಏಣಿ ಓಡುವುದೂ ಇಲ್ಲ. ಆದರೆ ಅಡ್ಡಕ್ಕೆ ಎಳೆಯುತ್ತದೆ, ಹೊಲಿಗೆಯೂ ಜತೆಗೆ ಎಳೆಯಬೇಕು. ಹತ್ತಿ ನೂಲಿನಲ್ಲಿ ಹೊಲಿದರೆ ಮೊದಲ ಸಲ ತಲೆಯ ಮೇಲಿಂದ ಇಳಿಸುವಾಗಲೇ ಪಟಪಟ ಕಡಿಯುತ್ತದೆ. ಸಪೂರ ಪಾಲಿಯೆಸ್ಟರ್ ನೂಲು, ಮೊನೆ ಉರುಟಾದ ಬಾಲ್‌ಪಾಯಿಂಟ್ ಸೂಜಿ, 65 ಅಥವಾ 70ರದ್ದು. ಸಾದಾ ಸೂಜಿ ಎಳೆಯನ್ನು ಚುಚ್ಚಿ ಕಡಿಯುತ್ತದೆ, ಹೊಲಿಗೆಯ ಉದ್ದಕ್ಕೂ ತೂತಿನ ಸಾಲು ಉಳಿಯುತ್ತದೆ. ನಡುನಡುವೆ ಟಾಕು ತಪ್ಪುವುದೂ ಹೆಚ್ಚಾಗಿ ಸೂಜಿಯ ದೋಷ, ಯಂತ್ರದ್ದಲ್ಲ.

ಮನೆಯ ಕಾಲುಯಂತ್ರದಲ್ಲಿ ನೇರ ಹೊಲಿಗೆ ಮಾತ್ರ ಇರುತ್ತದೆ. ಅದರಲ್ಲೂ ಮಾಡಬಹುದು: ಇಂಚಿಗೆ 12 ಟಾಕು, ಬಟ್ಟೆಯನ್ನು ಮುಂದೆ ಹಿಂದೆ ಸ್ವಲ್ಪವೇ ಎಳೆದು ಹಿಡಿದು, 3 ಮಿ.ಮೀ. ಅಂತರದಲ್ಲಿ ಎರಡು ಸಾಲು. ಶುರುವಿನಲ್ಲಿ ಬಟ್ಟೆಯನ್ನು ಯಂತ್ರ ತೂತಿನೊಳಗೆ ನುಂಗುತ್ತದೆ. ಅಡಿಗೆ ತೆಳು ಕಾಗದ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಿರಿ. ಪಕ್ಕದ 6 ಸೆಂ.ಮೀ. ಹೀಗೆ ಮುಗಿಯಿತು, ಹಳೆಯ ಹೊಲಿಗೆಯ ಮೇಲೆ ಎರಡೂ ತುದಿಯಲ್ಲಿ 1.5 ಸೆಂ.ಮೀ. ಹತ್ತಿಸಿ.

ಲೇಸು ಹರಿದಲ್ಲಿಗೆ ಹಿಂದಿನಿಂದ ಸಪೂರ ನೈಲಾನ್ ನೆಟ್ ಇಟ್ಟು ಕೈಯಲ್ಲಿ ಹೊಲಿಯಬೇಕು, ಹೂವಿನ ಅಂಚು ಹಿಡಿದುಕೊಂಡು, ಖಾಲಿ ಬಲೆಯ ಮೇಲಲ್ಲ. ಹೊಸ ನೆಟ್ ಕಣ್ಣಿಗೆ ಹೊಡೆಯುವ ಬಿಳಿ, ಹಳೆಯ ಲೇಸಿನದು ಹಾಲುಬಿಳಿ. ಒಪ್ಪಿಸಲು ನೆಟ್ಟನ್ನು ತೆಳು ಚಹಾದಲ್ಲಿ 5 ನಿಮಿಷ ಅದ್ದಿದ್ದಾಯಿತು, ಬಣ್ಣ ಸರಿಯಾಗಿ ಬಂತು. ತೊಳೆದದ್ದು ಬಾವಿಯ ನೀರಿನಲ್ಲಿ. ನೆಟ್ ಕಣ್ಣೆದುರೇ ಬೂದಿಯ ಬಣ್ಣಕ್ಕೆ ತಿರುಗಿತು. ಮೇಲೆ ಬರೆದ ಶಾಯಿಯೇ ಅದು. ಆ ತುಂಡು ಬಿಸಾಡಿ, ಹೊಸತನ್ನು ಮಳೆನೀರಿನ ಚಹಾದಲ್ಲಿ ಅದ್ದಿ ಮಳೆನೀರಿನಲ್ಲೇ ತೊಳೆದ ಮೇಲೆ ಸರಿಹೋಯಿತು. 5 ಸೆಂ.ಮೀ. ಉದ್ದ 2 ಸೆಂ.ಮೀ. ಅಗಲದ ನೆಟ್, ಸುಮಾರು ಒಂದೂವರೆ ಗಂಟೆಯ ಕೈಹೊಲಿಗೆ. ಲೇಸು ಇಡಿಯಾಗಿ ಹೋಗಿದ್ದರೆ ಸೀರೆಗೆ ಫಾಲ್ ಹಚ್ಚಿ ಪಿಕೋ ಮಾಡುವ ಅಂಗಡಿಯ ಜಿಗ್‌ಜಾಗ್ ಯಂತ್ರ ಒಳ್ಳೆಯದು. ಲೇಸು ಬಟ್ಟೆಯ ಮೇಲೆ 6 ಮಿ.ಮೀ. ಬರುವಂತೆ ಇಟ್ಟು 2 ಮಿ.ಮೀ. ಅಗಲದ ಜಿಗ್‌ಜಾಗ್ ಹೊಡೆಸಿ, ಹಿಂದಿನ ಬಟ್ಟೆಯನ್ನು ಹೊಲಿಗೆಗೆ ತಾಗಿ ಕತ್ತರಿಸಿ. ಸೂಜಿ ಮಾತ್ರ ನೀವೇ ಕೊಂಡುಹೋಗಿ ಕೊಡಿ.

ಭುಜದ ಪಟ್ಟಿಗೆ 10 ಮಿ.ಮೀ. ರಿಬ್ಬನ್, ಒಂದಕ್ಕೆ 50 ಸೆಂ.ಮೀ. ನುಣುಪು ಸ್ಯಾಟಿನ್ ಅಡ್ಜಸ್ಟರಿನಲ್ಲಿ ಜಾರುತ್ತಲೇ ಇರುತ್ತದೆ, ಅಡ್ಡಗೆರೆಯ ಒರಟು ರಿಬ್ಬನ್ ಕಚ್ಚಿಕೊಂಡು ನಿಲ್ಲುತ್ತದೆ. ಅಡ್ಜಸ್ಟರ್ ಕೊಳ್ಳಲು ಫ್ಯಾನ್ಸಿ ಅಂಗಡಿಗೆ ಹೋಗುವಾಗ ಕಿಸೆಯಲ್ಲಿ ಒಂದು ಸಣ್ಣ ಅಯಸ್ಕಾಂತ ಇರಲಿ. ಹೊಳಪು ಎಷ್ಟೇ ಇರಲಿ, ಅಯಸ್ಕಾಂತಕ್ಕೆ ಅಂಟಿದರೆ ಒಳಗೆ ಕಬ್ಬಿಣ, ಎರಡು ಮಳೆಗಾಲದಲ್ಲಿ ಲೇಪ ಬಿಟ್ಟು ತುಕ್ಕು ಕಾರುತ್ತದೆ. ಹಿತ್ತಾಳೆಯದು ಅಥವಾ ಪ್ಲಾಸ್ಟಿಕ್ಕಿನದು ತನ್ನಿ. ಹಳೆಯ ರಿಬ್ಬನ್, ಅಡ್ಜಸ್ಟರುಗಳನ್ನು ಕಾಗದದ ಲಕೋಟೆಯಲ್ಲಿ ಬೇರೆಯಾಗಿ ಇಟ್ಟಿದ್ದೇವೆ, ಕಾಲ ಹೇಳುವ ಸಾಕ್ಷಿ ಅವು.

ರೇಯಾನ್ ಮತ್ತು ಮಲ್

ರೇಯಾನಿನ ದೌರ್ಬಲ್ಯ ಒಂದೇ, ಚಂಡಿಯಾದಾಗ, ಅಂದರೆ ಒದ್ದೆಯಾದಾಗ, ಅದರ ಬಲ ಅರ್ಧಕ್ಕೆ ಇಳಿಯುತ್ತದೆ. ಒಣಗಿದಾಗ ಗಟ್ಟಿಯಾಗಿದ್ದ ಸ್ಯಾಟಿನ್ ನೀರಿನಿಂದ ಎತ್ತುವಾಗ ತನ್ನದೇ ಭಾರಕ್ಕೆ ಸೀಳುತ್ತದೆ. ಆದ್ದರಿಂದ ಸೊಳ್ಳೆಪರದೆಯ ತುಂಡಿನ ಮೇಲೆ ಮಲಗಿಸಿ, ಪರದೆಯ ಸಮೇತ ಮುಳುಗಿಸಿ, ಪರದೆಯ ಸಮೇತ ಎತ್ತಬೇಕು. ಹಿಂಡುವುದಿಲ್ಲ, ಉಜ್ಜುವುದಿಲ್ಲ. ಪೀಚ್ ಬಣ್ಣ ಉಳಿಯಬೇಕಾದ್ದರಿಂದ ಬಿಳುಪುಡಿ ಹಾಕಲಿಲ್ಲ. ತಣ್ಣೀರು, ಎರಡು ಹನಿ ಪಾತ್ರೆ ದ್ರವ, 10 ನಿಮಿಷ, ನಾಲ್ಕು ತೊಳೆತ. ನೀರು ಕಾಫಿಯಷ್ಟು ಕಂದಾಗಿತ್ತು.

ಇದು ಕ್ರಾಸ್ ಕಟಿಂಗ್, ಎಂದರೆ ಎಳೆಗಳು ಮೈಮೇಲೆ ಓರೆಯಾಗಿ ಇಳಿಯುತ್ತವೆ. ಫ್ರಾನ್ಸಿನ ಮದೆಲೀನ್ ವಿಯೊನೆ 1920ರ ದಶಕದಲ್ಲಿ ಪ್ರಸಿದ್ಧಿಗೆ ತಂದ ಬಗೆ ಇದು. ಇಲಾಸ್ಟಿಕ್ ಇಲ್ಲದೆ ಬಟ್ಟೆ ಮೈಗೆ ಹೊಂದುವುದು ಇದರಿಂದಲೇ. ಆದರೆ ಚಂಡಿಯಲ್ಲಿ ಹಗ್ಗಕ್ಕೆ ನೇತುಹಾಕಿದರೆ ಉದ್ದಕ್ಕೆ ಇಳಿದು ಅಗಲದಲ್ಲಿ ಕುಗ್ಗುತ್ತದೆ. ಬಿಳಿ ಪಂಚೆಯ ಮೇಲೆ ಹಾಸಿ, ಅಳತೆ ನೋಡಿ ಕೈಯಿಂದ ಅಗಲಕ್ಕೆ ತಟ್ಟಿ ಒಣಗಿಸಿ. ಕೆಳ ಅಂಚು ಬಿಚ್ಚಿ ಮತ್ತೆ ಮಡಿಸುವುದಿದ್ದರೆ ಮೊದಲು ಇಡೀ ದಿನ ಹ್ಯಾಂಗರಿನಲ್ಲಿ ಬಿಡಿ. ಇಳಿಯುವಷ್ಟು ಇಳಿದ ಮೇಲೆ ನೆಲದಿಂದ ಅಳೆದು ಗುರುತು ಹಾಕಬೇಕು. ನಮ್ಮದರಲ್ಲಿ ಎಡ ಬಲ 2 ಸೆಂ.ಮೀ. ವ್ಯತ್ಯಾಸ ಬಂತು.

ಮಲ್ ಶಿಮೀಸಿಗೆ ಗಂಜಿ ಹಾಕಿ ಇಟ್ಟಿದ್ದರು. ಬೆಳ್ಳಿ ಬಣ್ಣದ ಮೀನಿನಾಕಾರದ ನುಸಿಗೆ ಗಂಜಿಯೇ ಊಟ, ಅದರ ಜತೆ ಬಟ್ಟೆಯೂ ಹೋಗುತ್ತದೆ. ಕಂಕುಳಿನಲ್ಲಿ ಹನ್ನೊಂದು ತೂತು. ಎತ್ತಿಡುವ ಬಟ್ಟೆಗೆ ಗಂಜಿ ಬೇಡವೇ ಬೇಡ.

ತೊಡುವುದು, ಇಡುವುದು

ಹಳೆಯ ಅಮೆರಿಕದ ಫುಲ್ ಸ್ಲಿಪ್ಪಿನ ಅಳತೆ ಎದೆಯ ಇಂಚಿನಲ್ಲಿ, 36 ಎಂದರೆ 36 ಇಂಚಿನ ಎದೆಗೆ. ಈಗಿನ ಕುರ್ತಾದ ಅಳತೆಯ ಹಾಗಲ್ಲ. ಅದಕ್ಕೂ ಮಿಗಿಲಾಗಿ ಹಾಸಿ ಅಳೆದ ಲೆಕ್ಕವನ್ನು ನಂಬಿ. ಟ್ರೈಕಾಟ್ ಆದರೆ ಹಾಸಿದ ಅಗಲದ ಎರಡು ಪಟ್ಟು ಮೈಯ ಅಳತೆಗಿಂತ ಒಂದಿಂಚು ಕಡಿಮೆ ಇದ್ದರೂ ನಡೆಯುತ್ತದೆ. ನೇಯ್ದ ರೇಯಾನಿಗೆ ಕನಿಷ್ಠ ಎರಡಿಂಚು ಸಡಿಲ ಬೇಕು, ಮುಖ್ಯವಾಗಿ ಅಂಡಿನಲ್ಲಿ. ಕುಳಿತಾಗ ಸೀಳುವುದು ಅಲ್ಲೇ. ಕೊಳ್ಳುವಾಗ ಬೆಳಕಿಗೆ ಹಿಡಿದು ಕಂಕುಳು ನೋಡಿ. ಬೆವರಿಗೆ ಸೋತ ಬಟ್ಟೆ ಅಲ್ಲಿ ಬಲೆಯ ಹಾಗೆ ಕಾಣುತ್ತದೆ, ಅದಕ್ಕೆ ದುರಸ್ತಿ ಇಲ್ಲ.

ನಮ್ಮ ಸೆಕೆಗೆ ಯಾವುದನ್ನು ಯಾವಾಗ ತೊಡುವುದು ಎಂಬುದಕ್ಕೆ ನೂಲು ತೇವ ಹೀರುವ ಲೆಕ್ಕವೇ ಸಾಕು. ಸಾಧಾರಣ ಹವೆಯಲ್ಲಿ ಪಾಲಿಯೆಸ್ಟರ್ ತನ್ನ ತೂಕದ 0.4 ಶೇಕಡಾ ತೇವ ಹಿಡಿದರೆ, ನೈಲಾನ್ 4ರ ಹತ್ತಿರ, ಹತ್ತಿ 8ರ ಆಸುಪಾಸು, ರೇಯಾನ್ 11ಕ್ಕಿಂತ ಮೇಲೆ. ಏಪ್ರಿಲ್, ಮೇ ತಿಂಗಳಲ್ಲಿ ಪಾರದರ್ಶಕ ಕುರ್ತಾದ ಅಡಿಗೆ ರೇಯಾನ್ ಅಥವಾ ಮಲ್, ಡಿಸೆಂಬರ್ ಜನವರಿಯಲ್ಲಿ ನೈಲಾನ್. ಮೈಗೆ ಅಂಟುವ ವಿದ್ಯುತ್ತು ಈ ಹವೆಯಲ್ಲಿ ಎಸಿ ಕೋಣೆಯಲ್ಲಷ್ಟೇ ಕಾಡುತ್ತದೆ. ನೈಲಾನಿನ ಮೇಲೆ ಪಾಲಿಯೆಸ್ಟರ್ ಬದಲು ಹತ್ತಿ ತೊಟ್ಟರೆ ಅದೂ ಕಡಿಮೆ. ತೊಟ್ಟ ದಿನವೇ ಒಗೆಯಿರಿ, ಒಣಗಿದ ಬೆವರು ಮರುದಿನಕ್ಕೆ ಹಳದಿ. ಇಸ್ತ್ರಿ ನೈಲಾನಿಗೆ ಒಂದು ಚುಕ್ಕೆ, ಎಂದರೆ 110 ಡಿಗ್ರಿ, ರೇಯಾನಿಗೆ ಒಳಬದಿಯಿಂದ ಎರಡು ಚುಕ್ಕೆ.

ಇಡಲು ಪ್ಲಾಸ್ಟಿಕ್ ಬೇಡ, ಬರಿಯ ತಗಡೂ ಬೇಡ. ಟ್ರಂಕೇ ಇರುವುದಾದರೆ ಒಳಗೆಲ್ಲ ಗಂಜಿಯಿಲ್ಲದ ಹಳೆ ಬಿಳಿ ಪಂಚೆ ಎರಡು ಮಡಿಕೆ ಹಾಸಿ. ಮಡಿಕೆಯ ಒಳಗೆ ಅದೇ ಬಟ್ಟೆಯ ಸುರುಳಿ ಇಟ್ಟರೆ ಗೆರೆ ಬೀಳುವುದಿಲ್ಲ. ನುಸಿಗುಳಿಗೆ ಹಾಕಲೇಬೇಕಾದರೆ ಬಟ್ಟೆಯ ಚೀಲದಲ್ಲಿ ಕಟ್ಟಿ, ಬಟನ್ನಿಗೆ, ಪ್ಲಾಸ್ಟಿಕ್ ಅಡ್ಜಸ್ಟರಿಗೆ ತಾಗದಂತೆ ಮೂಲೆಯಲ್ಲಿಡಿ. ಲಾವಂಚದ ಬೇರು ಪರಿಮಳಕ್ಕೆ ಒಳ್ಳೆಯದು, ತೇವಕ್ಕೆ ಏನೂ ಮಾಡುವುದಿಲ್ಲ. ತೇವಕ್ಕೆ ಸಿಲಿಕಾ ಜೆಲ್, ಒಂದು ಟ್ರಂಕಿಗೆ 200 ಗ್ರಾಂ, ಬಣ್ಣ ಬದಲಾಗುವಂಥದು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಹದಿನೈದು ದಿನಕ್ಕೊಮ್ಮೆ ತೆಗೆದು ಓವನಿನಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ ಮತ್ತೆ ಹಾಕಿ. ಮಳೆ ಸುರಿಯುವ ದಿನ ಟ್ರಂಕು ತೆರೆಯಬೇಡಿ. ಅಕ್ಟೋಬರಿನಲ್ಲಿ ಆಕಾಶ ಬಿಟ್ಟ ಮೇಲೆ ಎಲ್ಲವನ್ನೂ ಹೊರಗೆ ತೆಗೆದು, ನೆರಳಿನಲ್ಲಿ ಗಾಳಿಗೆ ಹರವಿ, ಮಡಿಕೆಯ ಜಾಗ ಬದಲಿಸಿ ಇಡಿ.

ಮೂರೂ ಮುಗಿಯಲು ಹನ್ನೊಂದು ದಿನ ಹಿಡಿಯಿತು, ಕೈಕೆಲಸ ಒಟ್ಟು 14 ಗಂಟೆ. ನೈಲಾನ್ ಸ್ಲಿಪ್ಪಿನ ಅಂಚಿನಲ್ಲಿ ಅಡಕೆಯ ಒಗರು ಚಹಾದ ಬಣ್ಣದಲ್ಲಿ 3 ಮಿ.ಮೀ. ಉಳಿದಿದೆ. ಇನ್ನೂ ಉಜ್ಜಿದರೆ ಬಟ್ಟೆ ಸವೆಯುತ್ತದೆಂದು ಅಲ್ಲಿಗೇ ಬಿಟ್ಟೆವು. ಮಾಡಿದ ಕೆಲಸ, ಹಾಕಿದ ರಾಸಾಯನಿಕ, ದಿನಾಂಕ ಎಲ್ಲವನ್ನೂ ಪೆನ್ಸಿಲಿನಲ್ಲಿ ಒಂದು ಚೀಟಿಯಲ್ಲಿ ಬರೆದು ಬಟ್ಟೆಯ ಜತೆ ಇಟ್ಟಿದ್ದೇವೆ. ಪೆನ್ಸಿಲಿನಲ್ಲೇ, ಏಕೆಂದರೆ ಪೆನ್ನಿನ ಶಾಯಿ ತೇವಕ್ಕೆ ಬಟ್ಟೆಗೆ ಇಳಿಯುತ್ತದೆ.